ಸಂತೇಪೇಟೆಯ ಸಾಲು ಮಳಿಗೆ: ಕೆಡವದೆ ಉಳಿಸಿಕೊಂಡ ಲೆಕ್ಕ

ಮೈಸೂರಿನ ಸಂತೇಪೇಟೆಯಲ್ಲಿ ನಮ್ಮ ಕುಟುಂಬಕ್ಕೆ ಸೇರಿದ ಹಳೆಯ ಸಾಲು ಮಳಿಗೆಯನ್ನು ಕೆಡವದೆ, ಬಾಡಿಗೆದಾರರಲ್ಲಿ ಒಬ್ಬರನ್ನೂ ಹೊರಗೆ ಕಳಿಸದೆ, ಬ್ಯಾಂಕಿನಿಂದ ಒಂದು ರೂಪಾಯಿ ಸಾಲವನ್ನೂ ಪಡೆಯದೆ, ಸುಣ್ಣದ ಗಾರೆಯಲ್ಲೇ ದುರಸ್ತಿ ಮಾಡಿ ಮುಗಿಸಿದ್ದೇನೆ. ಇದು ಆಗುವ ಕೆಲಸವಲ್ಲ ಎಂದವರಲ್ಲಿ ಇಬ್ಬರು ಎಂಜಿನಿಯರುಗಳೂ, ನನ್ನ ಸ್ವಂತ ಚಿಕ್ಕಪ್ಪನೂ, ಬೀದಿಯ ಅರ್ಧದಷ್ಟು ಅಂಗಡಿಯವರೂ ಇದ್ದರು. ಮೂರು ಮಳೆಗಾಲ ಕಳೆದಿವೆ, ತಾರಸಿ ಸೋರಿಲ್ಲ. ಈಗ ಅದೇ ಅಂಗಡಿಯವರು ತಮ್ಮ ಕಟ್ಟಡ ನೋಡಿಕೊಡಿ ಎಂದು ಕರೆಯುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ. ನಮ್ಮದು ಮದ್ರಾಸ್ ಟೆರೇಸ್, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಕಟ್ಟಿ ಸುಣ್ಣದ ಗಾರೆ ಬಡಿದ ಹಳೆಯ ಬಗೆಯ ತಾರಸಿ. ಸುಣ್ಣ ಅರಳಿಸುವುದೆಂದರೆ ಸುಟ್ಟ ಸುಣ್ಣದ ಕಲ್ಲನ್ನು ನೀರು ಹಾಕಿ ಒಡೆಯಿಸುವುದು.

ಹಳೆಯ ಪೇಟೆಯ ಕಟ್ಟಡಗಳು ವಯಸ್ಸಾಗಿ ಬೀಳುತ್ತಿವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವು ಬಾಡಿಗೆ ಸಾಲದೆ ಬೀಳುತ್ತಿವೆ. ಬಾಡಿಗೆ ಏರಿಸುವುದಕ್ಕೂ ಬಾಡಿಗೆದಾರರನ್ನು ಏಳಿಸುವುದಕ್ಕೂ ಮಿತಿ ಹಾಕುವ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ದೊಡ್ಡ ವಾಣಿಜ್ಯ ಮಳಿಗೆಗಳನ್ನು ಹೊರಗಿಟ್ಟು, 14 ಚದರ ಮೀಟರ್ (ಸುಮಾರು 150 ಚದರ ಅಡಿ) ಮೀರದ ಸಣ್ಣ ಮಳಿಗೆಗಳನ್ನು ಮಾತ್ರ ತನ್ನ ವ್ಯಾಪ್ತಿಯಲ್ಲಿ ಉಳಿಸಿಕೊಂಡಿದೆ, ಮತ್ತು ಪೇಟೆಯ ಮಳಿಗೆಗಳು ಬಹುಪಾಲು ಅಷ್ಟೇ ಅಳತೆಯವು. ನಮ್ಮ ಒಂಬತ್ತು ಮಳಿಗೆಗಳು ತಲಾ 130-140 ಚದರ ಅಡಿ ಇರಬಹುದು. ತಾತನ ಕಾಲದ ಬಾಡಿಗೆ ತೆವಳುತ್ತ ಬಂದು ತಿಂಗಳಿಗೆ ನಾಲ್ಕೈದು ನೂರಕ್ಕೆ ನಿಂತಿತ್ತು. ಅಷ್ಟು ಬಾಡಿಗೆಗೆ ಮಾಲೀಕ ಸುಣ್ಣವನ್ನೂ ಬಳಿಸುವುದಿಲ್ಲ, ತನ್ನದಲ್ಲದ ಗೋಡೆಗೆ ಬಾಡಿಗೆದಾರ ಕೈಯಿಂದ ಹಣ ಹಾಕುವುದೂ ಇಲ್ಲ. ಹೀಗಾಗಿ ತಾರಸಿಯ ತೂಬು ಕಟ್ಟಿಕೊಂಡು ನೀರು ನಿಲ್ಲುತ್ತದೆ, ಗೋಡೆಯ ಸಂದಿನಲ್ಲಿ ಅರಳಿ ಸಸಿ ಏಳುತ್ತದೆ, ಗೋಡೆಯೊಳಗೆ ಹೂತ ತೊಲೆಯ ತುದಿ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ. 2012ರ ಆಗಸ್ಟ್‌ನಲ್ಲಿ ಮೈಸೂರಿನದೇ ಹಳೆಯ ಮಳಿಗೆಗಳ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. ಅವುಗಳನ್ನು ಉಳಿಸಬೇಕೋ ಕೆಡವಬೇಕೋ ಎಂಬ ವಾದ ಸಮಿತಿಗಳಲ್ಲೂ ನ್ಯಾಯಾಲಯದಲ್ಲೂ ವರ್ಷಗಟ್ಟಲೆ ನಡೆಯಿತು. ಸುತ್ತಲಿನ ಖಾಸಗಿ ಮಾಲೀಕರಿಗಂತೂ ಕೆಡವುವುದೇ ಕ್ಷೇಮ ಎಂಬ ಭಾವನೆ ಅಷ್ಟರಲ್ಲೇ ಬಲಿತುಬಿಟ್ಟಿತ್ತು.

ಕೆಡವುವ ಲೆಕ್ಕವನ್ನೂ ನಾನು ಮಾಡಿ ನೋಡಿದ್ದೆ. ಹಳೆಯ ಮಳಿಗೆ ರಸ್ತೆಯ ಅಂಚಿಗೇ ನಿಂತಿದೆ. ಹೊಸದಾಗಿ ನಕ್ಷೆ ಮಂಜೂರು ಮಾಡಿಸಲು ಹೋದರೆ ಮುಂದೆ ಹಿಂದೆ ಜಾಗ ಬಿಡಬೇಕು, ವಾಹನ ನಿಲುಗಡೆ ತೋರಿಸಬೇಕು, ಉಳಿಯುವ ತಳಭಾಗದಲ್ಲಿ ಒಂಬತ್ತು ಮಳಿಗೆಗಳ ಬದಲು ಐದು ಬಂದರೆ ಹೆಚ್ಚು. ಖರ್ಚು ಒಂದು ಕೋಟಿಯ ಆಸುಪಾಸು. ಅದರ ಮೇಲೆ ಬಾಡಿಗೆದಾರರ ವ್ಯಾಜ್ಯ, ಅದು ಮುಗಿಯುವವರೆಗೆ ಖಾಲಿ ನಿವೇಶನ. ದುರಸ್ತಿಗೆ ಸಾಲ ಕೇಳಿದ ಬ್ಯಾಂಕಿನ ಮೌಲ್ಯಮಾಪಕರು ಕಟ್ಟಡದ ಆಯಸ್ಸು ಶೂನ್ಯವೆಂದು ಬರೆದು, ನೆಲಕ್ಕೆ ಮಾತ್ರ ಬೆಲೆ ಕಟ್ಟಿದರು. ಆ ಕಾಗದವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಆದ್ದರಿಂದ ಹಣವನ್ನು ಬಾಡಿಗೆದಾರರಿಂದಲೇ ಎತ್ತಿದೆ. ಪ್ರತಿ ಮಳಿಗೆಯಿಂದ ಒಂದೂಕಾಲು ಲಕ್ಷ ಮುಂಗಡ, ಕೆಲಸ ಮುಗಿದ ಮೇಲೆ ಬಾಡಿಗೆ ಮೂರೂವರೆ ಸಾವಿರ, ಅದಕ್ಕೆ ಪ್ರತಿಯಾಗಿ ಅವಧಿ ಮುಗಿಯುವವರೆಗೆ ಏಳಿಸುವುದಿಲ್ಲವೆಂಬ ನೋಂದಾಯಿತ ಕರಾರು. ಅಂಗಡಿಯವರಿಗೂ ತಮ್ಮ ತಲೆಯ ಮೇಲಿನ ತೊಲೆ ಕಾಣುತ್ತಿತ್ತು. ಕಟ್ಟಡ ಬಿದ್ದರೆ ಬಾಡಿಗೆಯ ಹಕ್ಕು ಎಲ್ಲಿ ಉಳಿಯುತ್ತದೆ ಎಂದು ಕೇಳಿದಾಗ ಹೆಚ್ಚಿನವರು ಒಪ್ಪಿದರು. ಕೊನೆಯ ಇಬ್ಬರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಪಕ್ಕದ ಬೀದಿಯಲ್ಲಿ ಅದೇ ಉಪಾಯ ನನಗೆ ಮತ್ತೆ ಬೇಕಾಗಿದೆ. ಉಳಿದ ಹದಿನೆಂಟು ಲಕ್ಷದಷ್ಟನ್ನು ಚೀಟಿ ಎತ್ತಿ, ನಂಜನಗೂಡಿನ ಒಂದು ನಿವೇಶನ ಮಾರಿ ಹೊಂದಿಸಿದೆ.

ಮೂರು ಮೂರು ಮಳಿಗೆಗಳಂತೆ ಹಿಂದಿನ ಗೋದಾಮಿಗೆ ಸ್ಥಳಾಂತರಿಸಿ, ಖಾಲಿಯಾದ ಅಂಕಣಕ್ಕೆ, ಅಂದರೆ ಕಟ್ಟಡದ ಆ ಭಾಗಕ್ಕೆ, ಜಾಕಿಯ ಆಸರೆ ಕೊಟ್ಟು ಕೆಲಸ ಹಿಡಿದೆವು. ಮೊದಲ ಅಂಕಣದ ತಾರಸಿ ಪೂರ್ತಿ ವ್ಯರ್ಥವಾಯಿತು. ಅಂಗಡಿಯಲ್ಲಿ ಸಿಕ್ಕ ಚೀಲದ ಸುಣ್ಣ ಗಾಳಿಗೆ ಸಿಕ್ಕಿ ಮೊದಲೇ ಸತ್ತಿತ್ತು. ತಿಂಗಳು ಕಳೆದರೂ ಉಗುರಿನಿಂದ ಗೀಚಿದರೆ ಪುಡಿ ಉದುರುತ್ತಿತ್ತು. ಸುಣ್ಣದ ಗೂಡಿನಿಂದ ಸುಟ್ಟ ಕಲ್ಲನ್ನೇ ತರಿಸಿ, ಅರಳಿಸಿ, ಗುಂಡಿಯಲ್ಲಿ ನೀರಿನಡಿ ಎರಡು ತಿಂಗಳು ಬಿಟ್ಟ ಮೇಲೆ ಬೆಣ್ಣೆಯಂತಹ ಸುಣ್ಣ ದೊರೆಯಿತು. ಆದರೂ ಎರಡನೆಯ ಅಂಕಣ ನಿಧಾನವಾಗಿಯೇ ಬಿಗಿಯಿತು, ಅದಕ್ಕೆ ಕಾರಣ ಸುರ್ಕಿ, ಅಂದರೆ ಗಾರೆಗೆ ಬೆರೆಸುವ ಇಟ್ಟಿಗೆ ಪುಡಿ. ಕೊಂಡು ತಂದ ಸುರ್ಕಿ ಚೆನ್ನಾಗಿ ಬೆಂದ ಯಂತ್ರದ ಇಟ್ಟಿಗೆಯ ಪುಡಿಯಾಗಿತ್ತು; ಬೆಂದಷ್ಟೂ ಅದು ಸುಣ್ಣದೊಡನೆ ಕೂಡುವುದು ಕಡಿಮೆ. ಮೇಲಂತಸ್ತಿನಲ್ಲಿ ಒಡೆದ ಅಡ್ಡಗೋಡೆಯಿಂದ ಬಂದ ಅರೆಬೆಂದ ನಾಡ ಇಟ್ಟಿಗೆಯನ್ನೇ ಅರೆಸಿ ಬಳಸಿದ ನಂತರ ಆ ತೊಂದರೆ ಕಾಣಲಿಲ್ಲ. ಆ ಎರಡು ಅಂಕಣಗಳ ಮೇಲೆ ಹೋದ ಹಣ ಎರಡು ಲಕ್ಷಕ್ಕೆ ಕಡಿಮೆಯಿಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಕೆಲಸಗಾರರದು. ಈಗಿನ ಗಾರೆ ಕೆಲಸದವರ ಕೈಗೆ ಸಿಮೆಂಟು ಮಾತ್ರ ಗೊತ್ತು. ಸಂಜೆಯೊಳಗೆ ಗಟ್ಟಿಯಾಗದಿದ್ದರೆ ಅವರಿಗೆ ಸಮಾಧಾನವಿಲ್ಲ. ಒಬ್ಬ ಹುಡುಗ ನಾನಿಲ್ಲದಾಗ ಗಾರೆಗೆ ಎರಡು ಬಾಂಡಲಿ ಸಿಮೆಂಟು ಬೆರೆಸಿದ್ದ, ಆ ತೇಪೆ ಅಂಚಿನುದ್ದಕ್ಕೂ ಬಿರುಕು ಬಿಟ್ಟು ಬೇರೆಯಾಯಿತು. ಕೊನೆಗೆ ಚಾಮರಾಜನಗರದ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದ ಬಳಿಕ, ನಾಲ್ಕು ಅಂಗುಲದ ಇಟ್ಟಿಗೆ ಜಲ್ಲಿ ಗಾರೆಯನ್ನು ಹೆಂಗಸರ ಸಾಲೊಂದು ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಕೊಡತಿ ಪುಟಿದು ಏಳುವವರೆಗೆ ನಿಲ್ಲಿಸಬಾರದು ಎಂಬುದು ಅವರ ನಿಯಮ. ಬಡಿತದ ಸದ್ದಿಗೆ ಎದುರಿನ ಪಾತ್ರೆ ಅಂಗಡಿಯವರು ಜಗಳಕ್ಕೆ ಬಂದರು, ಪಾತ್ರೆ ಅಂಗಡಿಯವರೇ ಸದ್ದಿನ ದೂರು ಹೇಳುವುದೆಂದರೆ ನಗು ಬರುತ್ತಿತ್ತು.

ಬಡಿಯುವಾಗ ಚಿಮುಕಿಸುವ ಬೆಲ್ಲ ಮತ್ತು ಅಳಲೆಕಾಯಿಯ ನೀರಿನ ಬದಲು ಹಿಂದಿನ ಗೋಡೆಯ ಮೇಲೆ ಲೋಳೆಸರ, ಪಾಪಾಸುಕಳ್ಳಿ ಎರಡನ್ನೂ ಪರೀಕ್ಷಿಸಿ ನೋಡಿದೆ. ಕಳ್ಳಿಯ ರಸದ ಗಿಲಾವು ನೀರನ್ನು ಚೆನ್ನಾಗಿ ತಡೆದರೂ, ಅದನ್ನು ಕಡಿದು ನೆನೆಸುವ ಕೂಲಿ ಕೈಗೆಟುಕುವಂತಿರಲಿಲ್ಲ. ಲೋಳೆಸರದಿಂದ ಯಾವ ಉಪಯೋಗವೂ ಕಾಣಲಿಲ್ಲ. ಬೆಲ್ಲ ಹೆಚ್ಚಾದ ಕಡೆ ಇರುವೆಗಳು ಸಾಲುಗಟ್ಟಿದವು, ಗಾರೆಯೂ ಮೆದುವಾಯಿತು. ಬೆಲ್ಲಕ್ಕೆ ಅಳಲೆ ಎಷ್ಟು, ಎಷ್ಟು ದಿನ ಹುಳಿಸಬೇಕು ಎಂಬುದು ಮೇಸ್ತ್ರಿಯವರ ಸೊತ್ತು. ಅವರ ಅನುಮತಿಯಿಲ್ಲದೆ ನಾನು ಹೇಳಲಾರೆ.

ಗೋಡೆಗಳಿಗೆ ಎಂಬತ್ತರ ದಶಕದಲ್ಲಿ ಯಾರೋ ಬಳಿಸಿದ್ದ ಸಿಮೆಂಟು ಗಿಲಾವನ್ನು ಪೂರ್ತಿ ಕಿತ್ತೆವು. ಒಳಗಿನ ತೇವ ಹೊರಬರಲಾಗದೆ ಅದರ ಹಿಂದಿನ ಇಟ್ಟಿಗೆ ಕೈಗೆ ಹಿಟ್ಟಾಗಿ ಬರುತ್ತಿತ್ತು. ಮೆಟ್ಟಿಲ ಬಳಿ ಒಂದು ಗೋಡೆಯನ್ನು ಬೇಕೆಂದೇ ಹಾಗೆಯೇ ಬಿಟ್ಟಿದ್ದೇನೆ, ನಂಬದವರಿಗೆ ತೋರಿಸಲು. ಪ್ರತಿ ಮಳೆಗಾಲದ ನಂತರ ಅಲ್ಲಿ ಉಪ್ಪು ಹೊಮ್ಮುತ್ತದೆ. ತೊಲೆಗಳಲ್ಲಿ ಮೂರನೇ ಒಂದು ಭಾಗದ ತುದಿ ಮಾತ್ರ ಕೊಳೆತಿತ್ತು. ಪೂರ್ತಿ ಬದಲಿಸದೆ, ಕೊಳೆತದ್ದನ್ನು ಕತ್ತರಿಸಿ, ಎರಡೂ ಬದಿಗೆ ಕಬ್ಬಿಣದ ಚಾನಲ್ ಕೊಟ್ಟು ಬೋಲ್ಟ್ ಬಿಗಿದೆವು. ತೊಲೆಯ ತುದಿ ಕೂರುವ ಗೋಡೆಯ ಗೂಡಿನಲ್ಲಿ ಗಾಳಿಯಾಡಲು ಸಂದು ಬಿಡುವುದು ಇದರಲ್ಲಿ ಮುಖ್ಯ. ಕೆಲಸವನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಮಾತ್ರ ಮಾಡಿದೆವು. ಮಾರ್ಚಿಯ ಬಿಸಿಲಿಗೆ ಒದ್ದೆ ಗೋಣಿ ಹೊದಿಸಿದರೂ ಗಿಲಾವು ಬೇಗ ಒಣಗಿ ಸೀಳುತ್ತದೆ.

ಒಟ್ಟು ಇಪ್ಪತ್ತೊಂಬತ್ತು ಲಕ್ಷದಷ್ಟು ಆಗಿರಬೇಕು. ತಾರಸಿಗೆ ಚದರ ಅಡಿಗೆ ಐನೂರು, ಸುಣ್ಣದ ಗಿಲಾವಿಗೆ ನೂರಹತ್ತು ಎಂದು ನೆನಪು. ಉಳಿದದ್ದು ತೊಲೆ, ವಿದ್ಯುತ್, ತೂಬಿನ ಕೊಳವೆಗಳಿಗೆ ಹೋಯಿತು. ಕೆಳಗಿನ ಬಾಡಿಗೆಯ ಜೊತೆಗೆ, ಮೊದಲು ಗೋಣಿಚೀಲ ತುಂಬಿದ್ದ ಮೇಲಂತಸ್ತನ್ನು ಒಬ್ಬ ಲೆಕ್ಕಪರಿಶೋಧಕರೂ ಒಂದು ಹೊಲಿಗೆ ಘಟಕವೂ ಹಿಡಿದಿರುವುದರಿಂದ, ಈಗ ತಿಂಗಳಿಗೆ ಎಪ್ಪತ್ತು ಸಾವಿರದ ಸುತ್ತ ಬರುತ್ತಿದೆ. ಬೆಲ್ಲದ ವ್ಯಾಪಾರಿಯೊಬ್ಬರು ಮಾತ್ರ ಬಂಡಿಪಾಳ್ಯದ ಎಪಿಎಂಸಿ ಮಾರುಕಟ್ಟೆಗೆ ತಾವಾಗಿಯೇ ಹೋದರು; ಅವರ ಮಳಿಗೆಗೆ ಬಂದವರು ಹೆಚ್ಚಿನ ಬಾಡಿಗೆಯನ್ನೇ ಕೊಡುತ್ತಿದ್ದಾರೆ. ಹಿಂಭಾಗದ ಶೌಚಾಲಯದ ಗೋಡೆಯೊಂದು ಉಳಿದಿದೆ, ಅದಕ್ಕೆ ಬೇಕಾದ ಸುಣ್ಣವನ್ನು ಗುಂಡಿಗೆ ಹಾಕಿಯಾಗಿದೆ. ನವೆಂಬರಿನಲ್ಲಿ ಪಕ್ಕದ ಬೀದಿಯ ಕಟ್ಟಡದ ಜೊತೆಯಲ್ಲೇ ಅದನ್ನೂ ಹಿಡಿಯುತ್ತೇನೆ.