ಮಳೆಮಾಪಕಕ್ಕೆ ಇಂಟರಪ್ಟ್ ಅಳವಡಿಸಿದ ನನ್ನ ಅನುಭವ

ಶಿರಸಿಯ ಸುತ್ತಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕಾದರೆ ಮಳೆಯ ಹೊಳವು ನೋಡಿಯೇ ದಿನ ಗೊತ್ತುಮಾಡಬೇಕು. ನಮ್ಮ ತೋಟದ ಮಳೆಯ ಲೆಕ್ಕ ನಮ್ಮಲ್ಲೇ ಇರಲೆಂದು ಅಂಗಳದಲ್ಲಿ ಜೋಡಿ ಬಟ್ಟಲಿನ ಮಳೆಮಾಪಕವನ್ನಿಟ್ಟು, ಆಟ್‌ಮೆಗಾ328ಪಿ ಮೈಕ್ರೋಕಂಟ್ರೋಲರ್‌ಗೆ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರಿಗೆ) ಜೋಡಿಸಿದೆ. 0.2 ಮಿಲಿಮೀಟರ್ ಮಳೆ ತುಂಬಿದೊಡನೆ ಬಟ್ಟಲು ಮಗುಚುತ್ತದೆ. ಅದಕ್ಕೆ ಅಂಟಿಸಿದ ಅಯಸ್ಕಾಂತ ಹಾದುಹೋಗುವಾಗ ರೀಡ್ ಸ್ವಿಚ್ ಕ್ಷಣಕಾಲ ಕೂಡಿಕೊಳ್ಳುತ್ತದೆ. ಅದೇ ಬೋರ್ಡು ಮೊಬೈಲಿಗೆ ಸಂದೇಶವನ್ನೂ ಕಳುಹಿಸಬೇಕು. ಮಳೆಗಾಲದಲ್ಲಿ ಸಿಗ್ನಲ್ಲಿಗಾಗಿ ಕಾಯುತ್ತಿರುವ ಹೊತ್ತಿನಲ್ಲಿ ಬಟ್ಟಲು ಮಗುಚಿದರೂ ಲೆಕ್ಕ ತಪ್ಪಬಾರದೆಂಬ ಕಾರಣಕ್ಕೆ ಸ್ವಿಚ್ಚನ್ನು ಐಎನ್‌ಟಿ0 ಪಿನ್ನಿಗೆ ಕೊಟ್ಟು, ಸ್ವಿಚ್ಚು ಕೂಡಿ ಪಿನ್ನಿನ ವೋಲ್ಟೇಜ್ ಕೆಳಗಿಳಿಯುವಾಗ ಇಂಟರಪ್ಟ್ ಆಗುವಂತೆ, ಅಂದರೆ ಚಿಪ್ಪು ನಡೆಯುತ್ತಿರುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಇದನ್ನು ಮೊದಲು ಗಮನಿಸುವಂತೆ, ಹೊಂದಿಸಿದೆ.

ಇಂಟರಪ್ಟ್ ಬಂದಾಗ ಚಿಪ್ಪು ಕೈಯಲ್ಲಿರುವ ಸೂಚನೆಯನ್ನು ಮುಗಿಸಿ, ಮರಳಿ ಬರಬೇಕಾದ ವಿಳಾಸವನ್ನು ಸ್ಟ್ಯಾಕ್ ಎಂಬ ಮೆಮೊರಿಯ ಭಾಗದಲ್ಲಿಟ್ಟು, ಬೇರೆ ಇಂಟರಪ್ಟ್‌ಗಳನ್ನು ತಡೆಹಿಡಿದು, ಯಾವ ಇಂಟರಪ್ಟಿಗೆ ಯಾವ ಕೋಡು ಎಂದು ಹೇಳುವ ವೆಕ್ಟರ್ ಪಟ್ಟಿಯಲ್ಲಿ ಐಎನ್‌ಟಿ0ಗೆ ಮೀಸಲಾದ ಜಾಗಕ್ಕೆ ಹಾರುತ್ತದೆ. ಇದಕ್ಕೆ ಕನಿಷ್ಠ ನಾಲ್ಕು ಕ್ಲಾಕ್ ಸೈಕಲ್ ಬೇಕು; 16 ಮೆಗಾಹರ್ಟ್ಸ್‌ನಲ್ಲಿ ಅದು ಕಾಲು ಮೈಕ್ರೋಸೆಕೆಂಡು. ಹಿಂದಿನ ಲೆಕ್ಕದ ಫಲಿತದ ಗುರುತುಗಳಿರುವ ಸ್ಟೇಟಸ್ ರಿಜಿಸ್ಟರನ್ನು ಹಾರ್ಡ್‌ವೇರ್ ತಾನಾಗಿ ಕಾಪಾಡುವುದಿಲ್ಲ, ಅದನ್ನು ಎತ್ತಿಡುವ ಕೋಡನ್ನು ಕಂಪೈಲರ್ (ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತರುವ ತಂತ್ರಾಂಶ) ಸೇರಿಸುತ್ತದೆ. ತಡೆಹಿಡಿದ ಅವಧಿಯಲ್ಲಿ ಅದೇ ಪಿನ್ನಿನಲ್ಲಿ ಎಷ್ಟು ಸಲ ಸಂಕೇತ ಬಂದರೂ ಫ್ಲ್ಯಾಗ್‌ನಲ್ಲಿ (ಸಂಕೇತ ಬಂದಿದೆಯೆಂಬ ಒಂದು ಬಿಟ್ಟಿನ ಗುರುತಿನಲ್ಲಿ) ಉಳಿಯುವುದು ಒಂದೇ. ಆದ್ದರಿಂದ ಇಂಟರಪ್ಟ್ ಕೋಡು ಚಿಕ್ಕದಾಗಿರಲೇಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನನ್ನ ಕೋಡು ಹಿಂದಿನ ಸಂಕೇತ ಬಂದು 200 ಮಿಲಿಸೆಕೆಂಡು ಕಳೆದಿದೆಯೇ ಎಂದು ನೋಡಿ, ಕಳೆದಿದ್ದರೆ ಎಣಿಕೆಗೆ ಒಂದು ಸೇರಿಸುತ್ತದೆ, ಅಷ್ಟೆ. ಸ್ವಿಚ್ಚು ಕೂಡುವಾಗ ಅದುರಿ ಹುಟ್ಟಿಸುವ ಹೆಚ್ಚುವರಿ ಸಂಕೇತಗಳು ಇದರಿಂದ ಲೆಕ್ಕದ ಹೊರಗುಳಿಯುತ್ತವೆ. ಗಂಟೆಗೆ 100 ಮಿಲಿಮೀಟರಿನಂತೆ ಸುರಿದರೂ ಬಟ್ಟಲು ಮಗುಚುವುದು ಸುಮಾರು 7 ಸೆಕೆಂಡಿಗೊಮ್ಮೆಯಾದ್ದರಿಂದ ನಿಜವಾದ ಮಳೆ ಯಾವುದೂ ಬಿಟ್ಟುಹೋಗುವುದಿಲ್ಲ.

ಎಣಿಕೆಯನ್ನು ಓದುವಲ್ಲಿ ಹೆಚ್ಚಿನ ಎಚ್ಚರ ಬೇಕು. ಇದು 8 ಬಿಟ್ಟಿನ ಚಿಪ್ಪು, ಎಣಿಕೆ 16 ಬಿಟ್ಟಿನದು. ಓದುವಿಕೆ ಒಂದು ಸಲಕ್ಕೆ ಒಂದು ಬೈಟಿನಂತೆ (8 ಬಿಟ್ಟು) ಎರಡು ಹಂತದಲ್ಲಿ ನಡೆಯುತ್ತದೆ. ಎಣಿಕೆ 255 ಇರುವಾಗ ಮುಖ್ಯ ಪ್ರೋಗ್ರಾಂ ಕೆಳಗಿನ ಬೈಟನ್ನು ಓದಿಕೊಂಡ ಮರುಕ್ಷಣವೇ ಬಟ್ಟಲು ಮಗುಚಿತೆನ್ನಿ: ಎಣಿಕೆ 256 ಆಗುತ್ತದೆ, ಮೇಲಿನ ಬೈಟು 1 ಎಂದು ಸಿಗುತ್ತದೆ, ಎರಡೂ ಸೇರಿ (256+255) 511 ಎಂದು ಬರುತ್ತದೆ. 51 ಮಿಲಿಮೀಟರ್ ಮಳೆ 102 ಆಗಿಬಿಡುತ್ತದೆ. ಹೀಗಾಗದಿರಲು ಎಣಿಕೆಯನ್ನು ವೋಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದಬೇಕಾದದ್ದು) ಎಂದು ಘೋಷಿಸಿದ್ದಲ್ಲದೆ, ಇಂಟರಪ್ಟನ್ನು ಕ್ಷಣಕಾಲ ನಿಲ್ಲಿಸಿ, ಎಣಿಕೆಯನ್ನು ಬೇರೆಡೆ ನಕಲಿಸಿಕೊಂಡು, ಮತ್ತೆ ಚಾಲೂ ಮಾಡುತ್ತೇನೆ.

ಸಾಫ್ಟ್‌ವೇರ್ ಇಂಟರಪ್ಟ್, ಅಂದರೆ ಪ್ರೋಗ್ರಾಮೇ ಎಬ್ಬಿಸುವ ಇಂಟರಪ್ಟ್, ನನಗೆ ಉಪಯೋಗಕ್ಕೆ ಬಂದದ್ದು ಪರೀಕ್ಷೆಯಲ್ಲಿ. ಎಆರ್‌ಎಂ ಕಾರ್ಟೆಕ್ಸ್-ಎಂ ಚಿಪ್ಪುಗಳಲ್ಲಿರುವ ಎಸ್‌ವಿಸಿಯಂಥ, ಇದಕ್ಕೆಂದೇ ಇರುವ ಪ್ರತ್ಯೇಕ ಸೂಚನೆ ನನ್ನ ಚಿಪ್ಪಿನಲ್ಲಿಲ್ಲ. ಆದರೆ ಐಎನ್‌ಟಿ0 ಪಿನ್ನನ್ನು ಔಟ್‌ಪುಟ್ ಮಾಡಿ ಪ್ರೋಗ್ರಾಮಿನಿಂದಲೇ ಏರಿಳಿಸಿದರೂ ಇಂಟರಪ್ಟ್ ಹುಟ್ಟುತ್ತದೆ. ಚಿಪ್ಪಿನ ತಯಾರಕರು ಕೊಡುವ ಡೇಟಾಶೀಟೇ ಇದನ್ನು ಸಾಫ್ಟ್‌ವೇರ್ ಇಂಟರಪ್ಟಿನ ದಾರಿಯೆಂದು ಹೇಳುತ್ತದೆ. ಸ್ವಿಚ್ಚಿನ ತಂತಿ ಬಿಚ್ಚಿಟ್ಟು (ಪಿನ್ನು ಔಟ್‌ಪುಟ್ ಆಗಿರುವಾಗ ಸ್ವಿಚ್ಚು ಕೂಡಿದರೆ ಶಾರ್ಟ್ ಆಗುತ್ತದೆ), 300 ಮಿಲಿಸೆಕೆಂಡಿಗೊಂದರಂತೆ ಸಂಕೇತ ಕೊಟ್ಟು, ಯಾವ ಮಳೆಯೂ ತರಲಾರದ ವೇಗದಲ್ಲಿ ಎಣಿಕೆಯನ್ನು ಓಡಿಸಿ ನೋಡಿದೆ. ನಡುವೆ ಸಂದೇಶ ಕಳುಹಿಸುವ ಕೆಲಸವೂ ನಡೆದಿತ್ತು. ಕೊಟ್ಟ ಸಂಕೇತಕ್ಕೂ ಬಂದ ಎಣಿಕೆಗೂ ತಾಳೆಯಾದ ಮೇಲೆಯೇ ತಂತಿಯನ್ನು ಮರಳಿ ಜೋಡಿಸಿದೆ.