ಮಳೆಗಾಲಕ್ಕೆ ಲಿಪೋ ಬ್ಯಾಟರಿ ಎತ್ತಿಡುವುದು: ನನ್ನ ಅನುಭವ

ಮೇ ಕೊನೆಯ ಪತ್ತನಾಜೆ ಬಂತೆಂದರೆ ನಮ್ಮ ಕಡೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ನನ್ನ ವಿಮಾನಗಳೂ ಅದೇ ಹೊತ್ತಿಗೆ ಅಟ್ಟ ಸೇರುತ್ತವೆ. ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಆರ್‌ಸಿ (ರಿಮೋಟಿನಲ್ಲಿ ಹಾರಿಸುವ) ವಿಮಾನ ಹಾರಿಸುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಜೆ. ಮಳೆ ಬಿಟ್ಟರೆ ಗಾಳಿ ಬಿಡುವುದಿಲ್ಲ, ಗಾಳಿ ಬಿಟ್ಟರೆ ಹುಲ್ಲು ಮೊಣಕಾಲಿನವರೆಗೆ ಬೆಳೆದಿರುತ್ತದೆ. ವಿಮಾನದ ಚಿಂತೆ ನನಗಿಲ್ಲ. ಚಿಂತೆ ಇರುವುದು ಅದರೊಳಗಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗಳದ್ದು. ನಾಲ್ಕು ತಿಂಗಳು ಅವು ಮನೆಯಲ್ಲೇ, ನಾವು ಉಣ್ಣುವ ಮಲಗುವ ಜಾಗದ ಹತ್ತಿರವೇ ಇರಬೇಕಲ್ವಾ?

ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು, "ಯಾವ ಫೈರ್‌ಪ್ರೂಫ್ ಚೀಲ ತಗೊಳ್ಳಲಿ?" ಎಂದು. ಚೀಲದ ಮಾತು ಆಮೇಲೆ. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿಸಿ ಎತ್ತಿಡುತ್ತೀರಿ ಎನ್ನುವುದೇ ಮೊದಲ ಮಾತು. ಪೂರ್ತಿ ತುಂಬಿದ ಬ್ಯಾಟರಿಯನ್ನು ಎಷ್ಟು ಒಳ್ಳೆಯ ಪೆಟ್ಟಿಗೆಯಲ್ಲಿಟ್ಟರೂ ನನಗೆ ನಿದ್ದೆ ಬರುವುದಿಲ್ಲ. ಸರಿಯಾದ ವೋಲ್ಟೇಜಿಗೆ ಇಳಿಸಿದ್ದಾದರೆ ಅರ್ಧ ಭಯ ಅಲ್ಲಿಗೇ ಹೋಯಿತು.

ಲಿಪೋದ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಸೆಲ್ಲಿನ ಮೇಲೆ ಬರೆದಿರುವುದು 3.7. ಎತ್ತಿಡಬೇಕಾದದ್ದು ಇವೆರಡರ ನಡುವೆ, ಸೆಲ್ಲಿಗೆ 3.8ರಿಂದ 3.85 ವೋಲ್ಟ್. ಮೂರು ಸೆಲ್ಲಿನ ಪ್ಯಾಕ್ ಆದರೆ ಒಟ್ಟು 11.4ರಿಂದ 11.55, ನಾಲ್ಕು ಸೆಲ್ಲಿನದ್ದಾದರೆ 15.2ರಿಂದ 15.4. ತುಂಬಿದ ಸ್ಥಿತಿಯಲ್ಲಿ ಬಿಟ್ಟರೆ ಒಳಗಿನ ದ್ರಾವಣ ನಿಧಾನವಾಗಿ ಒಡೆದು ಗ್ಯಾಸ್ ಆಗುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಲಿಪೋದ ಹೊದಿಕೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ, ಗಟ್ಟಿ ಡಬ್ಬ ಅಲ್ಲ. ಹಾಗಾಗಿ ಆ ಗ್ಯಾಸಿಗೆ ಪ್ಯಾಕ್ ಉಬ್ಬುತ್ತದೆ. ಹಾಗಂತ ಪೂರ್ತಿ ಖಾಲಿ ಮಾಡಿ ಇಡುವುದೂ ತಪ್ಪು. ಸೆಲ್ 3 ವೋಲ್ಟಿನ ಕೆಳಗೆ ಹೋದರೆ ಹಾಳಾಗಲು ಶುರು. ತೀರಾ ಇಳಿದರೆ ಒಳಗಿನ ತಾಮ್ರದ ಹಾಳೆಯೇ ಕರಗುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇರೆಡೆ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಸತ್ತ ಪ್ಯಾಕನ್ನು ಹೇಗಾದರೂ ಎಬ್ಬಿಸಬೇಕೆಂದು ಒದ್ದಾಡುವವರಿಗೆ ನಾನು ಬೇಡ ಎನ್ನುವುದು ಇದಕ್ಕೇ.

ಎಲ್ಲ ಸೆಲ್ಲುಗಳನ್ನೂ ಸಮ ಮಾಡಿ ತುಂಬಿಸುವ ಒಳ್ಳೆಯ ಬ್ಯಾಲೆನ್ಸ್ ಚಾರ್ಜರ್‌ಗಳಲ್ಲೆಲ್ಲ ಸ್ಟೋರೇಜ್ ಮೋಡ್ ಇರುತ್ತದೆ. ತುಂಬಿದ್ದರೆ ಇಳಿಸುತ್ತದೆ, ಕಡಿಮೆ ಇದ್ದರೆ ಏರಿಸುತ್ತದೆ. ಆದರೆ ಇಳಿಸುವಾಗ ಸಣ್ಣ ಚಾರ್ಜರ್‌ಗಳು ಬಹಳ ನಿಧಾನ. ನಮ್ಮಲ್ಲಿ ಎಲ್ಲರ ಹತ್ತಿರವೂ ಇರುವ ಐಮ್ಯಾಕ್ಸ್ ಬಿ6 ಮಾದರಿಯದ್ದು ಬರೀ 5 ವ್ಯಾಟ್‌ನಲ್ಲಿ ಇಳಿಸುತ್ತದೆ. ತುಂಬಿದ 2200 ಎಂಎಎಚ್‌ನ ಮೂರು ಸೆಲ್ ಪ್ಯಾಕಿಗೆ ಎರಡು ಗಂಟೆಯ ಮೇಲೆ ಹಿಡಿಯುತ್ತದೆ. ಇದು ಬೇಸರ ತರಿಸುವ ಕೆಲಸ, ಅದಕ್ಕೇ ಎಷ್ಟೋ ಜನ ನಾಳೆ ನೋಡುವ ಅಂತ ತುಂಬಿದ ಪ್ಯಾಕನ್ನು ಹಾಗೇ ಬಿಡುತ್ತಾರೆ.

ನಾನು ಬಲ್ಬ್ ಹಚ್ಚುತ್ತೇನೆ. ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವ್ಯಾಟಿನ ಬಲ್ಬಿಗೆ ಎಕ್ಸ್‌ಟಿ60 ಕನೆಕ್ಟರ್ ಬೆಸುಗೆ ಹಾಕಿ ಇಟ್ಟುಕೊಂಡಿದ್ದೇನೆ. ಪ್ಯಾಕಿನ ತೆಳ್ಳಗಿನ ಬ್ಯಾಲೆನ್ಸ್ ವಯರಿಗೆ, ಒಂದೊಂದು ಸೆಲ್ಲಿನ ವೋಲ್ಟೇಜ್ ತೋರಿಸುವ ಸೆಲ್ ಚೆಕ್ಕರ್ ಸಿಕ್ಕಿಸಿ, ಬಲ್ಬನ್ನು ಟೈಲ್ಸ್ ತುಂಡಿನ ಮೇಲಿಟ್ಟು ಪಕ್ಕದಲ್ಲೇ ಕೂರುತ್ತೇನೆ. ಬಲ್ಬಿನ ಗಾಜು ಚೆನ್ನಾಗಿ ಸುಡುತ್ತದೆ, ಕಾಗದ ಬಟ್ಟೆ ತಾಗಬಾರದು. ಅದೇ ಪ್ಯಾಕ್ ಮುಕ್ಕಾಲು ಗಂಟೆಯೊಳಗೆ ಇಳಿಯುತ್ತದೆ. ಬಲ್ಬ್ ಉರಿಯುವಾಗ ಚೆಕ್ಕರ್ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ತೆಗೆದ ಮೇಲೆ ವೋಲ್ಟೇಜ್ ಮೇಲೇರುತ್ತದೆ. ಹಾಗಾಗಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡುವುದು. ನಾಲ್ಕು ಸೆಲ್ಲಿನ ಪ್ಯಾಕಿಗೆ ಒಂದೇ ಬಲ್ಬ್ ಹಾಕಿದರೆ ಸುಟ್ಟು ಹೋಗುತ್ತದೆ. ಎರಡನ್ನು ಒಂದರ ಹಿಂದೊಂದು ಜೋಡಿಸಬೇಕು.

ಇಳಿಸಿದ್ದಾಯಿತು. ಇಡುವುದೆಲ್ಲಿ?

ಅಡಿಕೆ ತೋಟದ ಮನೆಯಲ್ಲಿ ಇದು ಸುಲಭದ ಪ್ರಶ್ನೆ ಅಲ್ಲ. ಒಂದು ಕಡೆ ಸುಲಿಯದ ಅಡಿಕೆಯ ಗೋಣಿ, ಇನ್ನೊಂದು ಕಡೆ ಒಣಗಿದ ಹಾಳೆ, ತೆಂಗಿನ ಸಿಪ್ಪೆ, ಸೋಗೆ, ಮಳೆಗಾಲದ ಸೌದೆ. ಬೆಂಕಿಗೆ ಬೇಕಾದದ್ದೆಲ್ಲ ನಾವೇ ಕೂಡಿಟ್ಟಿರುತ್ತೇವೆ. ಅಟ್ಟದ ಮೇಲಂತೂ ಇಡಲೇಬಾರದು. ಹಂಚಿನ ಕೆಳಗೆ ಏಪ್ರಿಲ್, ಮೇಯಲ್ಲಿ ಕಾಯುವ ಸೆಕೆ ಗೊತ್ತೇ ಇದೆ. ಬಿಸಿಲಿಗೆ ನಿಲ್ಲಿಸಿದ ಕಾರು ಅದಕ್ಕಿಂತ ಕೆಟ್ಟದ್ದು. ಫ್ರಿಡ್ಜ್‌ನಲ್ಲಿ ಇಡುವವರಿದ್ದಾರೆ. ಒಣ ಹವೆಯ ಊರಿನಲ್ಲಿ ಸರಿ ಇರಬಹುದು, ನಮ್ಮ ತೇವದಲ್ಲಿ ಹೊರಗೆ ತೆಗೆದ ಕೂಡಲೇ ಪ್ಯಾಕಿನ ಮೇಲೆ ನೀರು ಬೆವರುತ್ತದೆ. ಅಲ್ಲದೆ ಅನ್ನ ಸಾರು ಇಡುವ ಜಾಗದಲ್ಲಿ ಇಂಥದ್ದು ನನಗೆ ಬೇಡ.

ಇನ್ವರ್ಟರ್ ಹತ್ತಿರ ಇಡುವುದೂ ಬೇಡ. ಎಲ್ಲ ಬ್ಯಾಟರಿಗಳೂ ಒಂದೇ ಮೂಲೆಯಲ್ಲಿರಲಿ ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಇನ್ವರ್ಟರಿನ ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದರ ಪಕ್ಕ ಕಿಡಿ ಹಾರಬಲ್ಲ ವಸ್ತು ಯಾಕೆ? ಮಂಚದಡಿ ಬೇಡ. ಹೊರಗೆ ಓಡುವ ಬಾಗಿಲಿನ ದಾರಿಯಲ್ಲೂ ಬೇಡ. ಹೊಗೆ ಎದ್ದಾಗ ನಾವು ಅದನ್ನು ದಾಟಿಕೊಂಡೇ ಓಡಬೇಕಾಗುತ್ತದೆ.

ಇದೆಲ್ಲ ನೋಡಿ ನಾನು ಆರಿಸಿದ್ದು ಬದಿಯ ಜಗಲಿಯ ಮೂಲೆ. ಕೆಳಗೆ ಸಿಮೆಂಟು ನೆಲ, ಎರಡು ಬದಿಗೆ ಮುರಕಲ್ಲಿನ ಗೋಡೆ. ಬಿಸಿಲು ಬೀಳುವುದಿಲ್ಲ, ಇರಚಲು ತಾಗುವುದಿಲ್ಲ, ಗಾಳಿ ಆಡುತ್ತದೆ. ಸೌದೆ, ಗೋಣಿ ಯಾವುದೂ ಹತ್ತಿರ ಬರದ ಹಾಗೆ ಮನೆಯಲ್ಲಿ ಎಲ್ಲರಿಗೂ ಹೇಳಿ ಒಪ್ಪಿಸಿದ್ದೇನೆ.

ಅಲ್ಲಿ ಇಟ್ಟಿರುವುದು ಬಾಯಿ ಅಗಲದ ಮಣ್ಣಿನ ಮಡಕೆಗಳು. ಕೆಳಗೆ ಟೈಲ್ಸ್. ಒಂದು ಮಡಕೆಗೆ ಒಂದು ಪ್ಯಾಕ್. ಯಾಕೆಂದರೆ ಲಿಪೋದಲ್ಲಿ ಒಂದು ಸೆಲ್ ಹತ್ತಿಕೊಂಡರೆ ಅದರ ಬಿಸಿಗೆ ಪಕ್ಕದ್ದು, ಅದರಿಂದ ಮತ್ತೊಂದು. ಸೆಲ್ಲಿನೊಳಗಿನ ಬಿಸಿ ತನ್ನಷ್ಟಕ್ಕೇ ಏರುತ್ತಾ ಹೋಗುವುದಕ್ಕೆ ಥರ್ಮಲ್ ರನ್‌ಅವೇ ಅನ್ನುತ್ತಾರೆ. ಒಮ್ಮೆ ಶುರುವಾದರೆ ಹೊರಗಿನಿಂದ ತಡೆಯುವುದು ಕಷ್ಟ. ಪ್ಯಾಕುಗಳನ್ನು ಬೇರೆ ಬೇರೆ ಇಟ್ಟರೆ ಒಂದರ ಕಥೆ ಒಂದರಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ. ಮಡಕೆಯ ಬಾಯಿಗೆ ಕೋಳಿಗೂಡಿನ ತಂತಿ ಬಲೆ, ಅದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಹೊಯ್ಗೆ (ಮರಳು). ಬೆಂಕಿ ಎದ್ದರೆ ಪ್ಲಾಸ್ಟಿಕ್ ಕರಗಿ ಹೊಯ್ಗೆ ಬಲೆಯ ಮೂಲಕ ಒಳಗೆ ಸುರಿಯುತ್ತದೆ. ಹೊಯ್ಗೆ ಸೆಲ್ಲನ್ನು ತಣಿಸುವುದಿಲ್ಲ, ಆದರೆ ಜ್ವಾಲೆಯನ್ನೂ ಹಾರುವ ಕಿಡಿಯನ್ನೂ ಅಡಗಿಸುತ್ತದೆ. ಹೊಯ್ಗೆಯನ್ನು ಬೇಸಿಗೆಯಲ್ಲೇ ಅಂಗಳದಲ್ಲಿ ಹರಡಿ ಒಣಗಿಸಿ ಕಟ್ಟಿಡಬೇಕು. ಜೂನಲ್ಲಿ ಹುಡುಕಿದರೆ ಸಿಗುವುದು ಒದ್ದೆಯದ್ದೇ.

ಕಬ್ಬಿಣದ ಪೆಟ್ಟಿಗೆ ಇಟ್ಟುಕೊಂಡವರಿಗೆ ಒಂದು ಮಾತು. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇದ್ದರೆ ತೆಗೆದುಬಿಡಿ. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಗ್ಯಾಸ್ ತುಂಬಿದರೆ ಅದು ಒಡೆದು ಸಿಡಿಯುತ್ತದೆ. ಹೊಗೆ ಹೋಗಲು ದಾರಿ ಬೇಕೇ ಬೇಕು. ಅಂಗಡಿಯ ಲಿಪೋ ಚೀಲ ಕೆಟ್ಟದ್ದಲ್ಲ, ಪದವಿಗೆ ಕೊಂಡುಹೋಗುವಾಗ ನಾನೂ ಬಳಸುತ್ತೇನೆ. ಆದರೆ ಅದು ಬೆಂಕಿಯನ್ನು ಪೂರ್ತಿ ಹಿಡಿದಿಡುತ್ತದೆ ಎಂದು ನಂಬಿ ಬಟ್ಟೆಯ ಕಪಾಟಿನೊಳಗೆ ಇಡಬೇಡಿ.

ಇನ್ನು ತೇವ. ಆಟಿ ತಿಂಗಳಲ್ಲಿ ನಮ್ಮಲ್ಲಿ ಚರ್ಮದ ಚಪ್ಪಲಿಗೂ ಬೂಸ್ಟು ಬರುತ್ತದೆ. ಕನೆಕ್ಟರಿನ ತಾಮ್ರ ಹಸಿರುಗಟ್ಟಿದರೆ ಅಲ್ಲಿ ತಡೆ ಹೆಚ್ಚಿ, ಮುಂದೆ ಹಾರಿಸುವಾಗ ಕನೆಕ್ಟರ್ ಬಿಸಿಯಾಗುತ್ತದೆ. ಎಕ್ಸ್‌ಟಿ60ಕ್ಕೆ ಟೋಪಿ ಹಾಕುತ್ತೇನೆ. ಬ್ಯಾಲೆನ್ಸ್ ವಯರಿನ ಬಿಳಿ ತುದಿಗೆ ಸಣ್ಣ ಪ್ಲಾಸ್ಟಿಕ್ ಚೀಲ ಸುತ್ತಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ. ಟೋಪಿ ಇದ್ದರೆ ಎರಡು ತುದಿ ತಾಗಿ ಶಾರ್ಟ್ ಆಗುವ ಭಯವೂ ಇಲ್ಲ.

ಎತ್ತಿಟ್ಟು ಮರೆಯುವುದಲ್ಲ, ತಿಂಗಳಿಗೊಮ್ಮೆ ನೋಡಲೇಬೇಕು. ಪ್ರತಿ ಪ್ಯಾಕಿನ ಮೇಲೂ ಕಾಗದದ ಟೇಪ್ ಅಂಟಿಸಿ ತಾರೀಕು, ಒಂದೊಂದು ಸೆಲ್ಲಿನ ವೋಲ್ಟೇಜ್ ಬರೆದಿಡುತ್ತೇನೆ. ಕಳೆದ ಮಳೆಗಾಲದಲ್ಲಿ ನೋಡುವಾಗ ಅಕ್ಕನ ಮಗ ಜೊತೆಗಿದ್ದ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ, ಡ್ರೋನ್ ಹುಚ್ಚು. ಒಂದು ಪ್ಯಾಕಿನ ಟೇಪಿನಲ್ಲಿ 3.84, 3.84, 3.85 ಎಂದಿತ್ತು. ಚೆಕ್ಕರ್ ತೋರಿಸಿದ್ದು 3.83, 3.69, 3.84. ಅವನು ಪ್ಯಾಕನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದ.

"ಮಾವ, ಇದು ಉಬ್ಬಿಲ್ಲ ಅಲ್ವಾ? ಇನ್ನೊಂದು ಸೀಸನ್ ಬರ್ತದೆ."

"ಉಬ್ಬುವವರೆಗೆ ಕಾಯುವುದು ಬೇಡ ಮಾರಾಯ. ಆಚೆ ಈಚೆಯ ಎರಡೂ ಸುಮ್ನೆ ಇವೆ, ನಡುವಿನದ್ದು ಮಾತ್ರ ಇಳಿದಿದೆ. ಅದು ಒಳಗೇ ಸೋರ್ತಾ ಇದೆ."

ಮೂರೂ ಸೆಲ್ ಒಟ್ಟಿಗೆ ಒಂದಿಷ್ಟು ಇಳಿದರೆ ಅದು ಸಹಜ. ಒಂದೇ ಸೆಲ್ ಉಳಿದವನ್ನು ಬಿಟ್ಟು ಇಳಿಯುತ್ತಿದ್ದರೆ ಅಲ್ಲಿ ಒಳಗಡೆ ಏನೋ ಕೆಟ್ಟಿದೆ. ಒಟ್ಟು ವೋಲ್ಟೇಜ್ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ. 11.36 ತೋರಿಸುತ್ತದೆ, ಪರವಾಗಿಲ್ಲ ಅನಿಸುತ್ತದೆ. ಸೆಲ್ ಚೆಕ್ಕರಿಗೆ ದೊಡ್ಡ ಬೆಲೆಯೇನೂ ಇಲ್ಲ, ಲಿಪೋ ತರುವವರು ಅದನ್ನು ಜೊತೆಗೇ ತರಬೇಕು. ಪ್ಯಾಕ್ ಉಬ್ಬಿದ್ದರೆ, ಹೊದಿಕೆ ಚುಚ್ಚಿ ಹೋಗಿದ್ದರೆ, ಉಗುರಿನ ಬಣ್ಣ ತೆಗೆಯುವ ದ್ರಾವಣದಂಥ ಸಿಹಿ ವಾಸನೆ ಬಂದರೆ ಮತ್ತೆ ಅಳೆಯುವ ಮಾತೇ ಇಲ್ಲ. ಅದು ಆ ದಿನವೇ ಹೊರಗೆ, ಬಿಡಿಸಿಟ್ಟ ಒಂಟಿ ಮಡಕೆಗೆ.

ಎಲ್ಲ ಬ್ಯಾಟರಿಗೂ ಇದೇ ನಿಯಮ ಅಂದುಕೊಳ್ಳಬೇಡಿ. ಪಕ್ಕದ ಮನೆಯ ಅಣ್ಣ, ತಾವು ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರನ್ನೂ ಅರ್ಧ ಚಾರ್ಜಿನಲ್ಲಿ ಇಡುವುದಾ ಎಂದು ಕೇಳಿದರು. ಅದರಲ್ಲಿರುವುದು ಸೀಸದ ಬ್ಯಾಟರಿ, ಲೆಕ್ಕ ಪೂರ್ತಿ ಉಲ್ಟಾ. ಅದನ್ನು ತುಂಬಿಸಿಯೇ ಇಡಬೇಕು, ಆಗಾಗ ಚಾರ್ಜಿಗೆ ಹಾಕಬೇಕು. ಅರ್ಧದಲ್ಲಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಕೂತು ಸಾಯುತ್ತದೆ. ರಿಮೋಟಿಗೆ ಹಾಕುವ ನಿಕಲ್ ಪೆನ್ಸಿಲ್ ಸೆಲ್‌ಗಳಿಂದ ಇಷ್ಟು ಭಯವಿಲ್ಲ. ರಿಮೋಟಿನಿಂದ ತೆಗೆದು ಡಬ್ಬಿಯಲ್ಲಿಟ್ಟರಾಯಿತು. 18650 ಎನ್ನುವ ಉರುಟು ಲಿಥಿಯಂ ಸೆಲ್‌ಗಳನ್ನು ಮಾತ್ರ ಜೇಬಿನಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಹಾಕಬೇಡಿ, ಶಾರ್ಟ್ ಆಗುತ್ತದೆ.

ಚಾರ್ಜ್ ಮಾಡುವುದೂ ಅದೇ ಜಗಲಿಯಲ್ಲಿ, ನಾನು ಎದುರಿಗೆ ಇರುವಾಗ ಮಾತ್ರ. 2200ರ ಪ್ಯಾಕಿಗೆ 2.2 ಆಂಪಿಯರ್, ಅದಕ್ಕಿಂತ ಜಾಸ್ತಿ ಅವಸರ ನನಗಿಲ್ಲ. ಮೇ ತಿಂಗಳ ಸಂಜೆ, ಮತ್ತೆ ತುಲಾ ತಿಂಗಳಲ್ಲಿ (ಅಕ್ಟೋಬರ್, ನವೆಂಬರ್), ಗುಡುಗು ಶುರುವಾದರೆ ಚಾರ್ಜರಿನ ಪ್ಲಗ್ ಕಿತ್ತಿಡುತ್ತೇನೆ. ಸಿಡಿಲು ನಮ್ಮ ಊರಿನಲ್ಲಿ ಎಷ್ಟು ಮನೆಯ ವಯರಿಂಗ್ ಸುಟ್ಟಿದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಳೆ ಮುಗಿದು ಮೊದಲ ಸಲ ಚಾರ್ಜ್ ಮಾಡುವಾಗ ಅರ್ಧ ಆಂಪಿಯರಿನಲ್ಲಿ, ಬ್ಯಾಲೆನ್ಸ್ ಮೋಡಿನಲ್ಲಿ, ಕೈ ಮುಟ್ಟಿ ನೋಡುತ್ತಾ. ಚಾರ್ಜ್ ಆಗುವಾಗ ಪ್ಯಾಕ್ ಬಿಸಿ ಏರಬಾರದು.

ಹೊಗೆ ಬಂದರೆ ಏನು ಮಾಡುವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಪ್ಯಾಕನ್ನು ಕೈಯಲ್ಲಿ ಎತ್ತಿಕೊಂಡು ಓಡುವುದು ಬೇಡ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಇರುತ್ತದೆ, ಉಸಿರಿಗೆ ಎಳೆದುಕೊಳ್ಳಬಾರದು. ಮೈನ್ ಸ್ವಿಚ್ ಕೈಗೆ ಸಿಕ್ಕರೆ ಆಫ್ ಮಾಡಿ ಎಲ್ಲರೂ ಅಂಗಳಕ್ಕೆ ಇಳಿದು 101ಕ್ಕೆ ಫೋನ್. ಪುಡಿ ಸಿಲಿಂಡರ್ ಸುತ್ತಲಿನ ಬೆಂಕಿ ಆರಿಸುತ್ತದೆ, ಆದರೆ ಸೆಲ್ ಒಳಗೆ ಬಿಸಿ ಇದ್ದರೆ ಮತ್ತೆ ಹತ್ತಿಕೊಳ್ಳುತ್ತದೆ. ಧಾರಾಳ ನೀರು ಬಿಸಿ ತೆಗೆಯುತ್ತದೆ. ಒಂದು ಚೊಂಬು ನೀರು ಏನೂ ಮಾಡುವುದಿಲ್ಲ.

ಆ 3.69ರ ಪ್ಯಾಕನ್ನು ನಾನು ಅದೇ ಬಲ್ಬಿಗೆ ಹಾಕಿ, ಬಯಲಿನಲ್ಲಿ, ಬಲ್ಬ್ ಕೆಂಪಾಗಿ ಆರುವವರೆಗೆ ಬಿಟ್ಟೆ. ಬಿಸಾಡುವ ಪ್ಯಾಕಿಗೆ ಮಾತ್ರ ಈ ಕೆಲಸ. ಉಪ್ಪುನೀರಿನಲ್ಲಿ ಮುಳುಗಿಸಿ ಇಡುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಉಪ್ಪಿಗೆ ಮೊದಲು ತುದಿಗಳು ತುಕ್ಕು ತಿಂದು ಕಡಿಯುತ್ತವೆ, ಚಾರ್ಜ್ ಒಳಗೇ ಉಳಿದುಬಿಡುತ್ತದೆ. ನೋಡಿದರೆ ಖಾಲಿ ಆದ ಹಾಗೆ ಕಾಣುತ್ತದೆ ಅಷ್ಟೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಬೇರೆ ಕಸದೊಂದಿಗೆ ಸೇರಿಸುವಂತಿಲ್ಲ. ಕಸ ಸಂಗ್ರಹಿಸಲು ಮನೆಗೆ ಬರುವ ಕೇರಳದ ಹರಿತ ಕರ್ಮ ಸೇನೆಯವರ ಹತ್ತಿರ ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿ, ಆ ದಿನಕ್ಕೆ ಎತ್ತಿಡುತ್ತೇನೆ. ಎರಡು ವಯರಿನ ತುದಿಗೆ ಬೇರೆ ಬೇರೆ ಟೇಪ್ ಸುತ್ತಿ, ಮೇಲೆ "ಲಿಥಿಯಂ ಬ್ಯಾಟರಿ, ಜಜ್ಜಬಾರದು" ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ಪ್ಲಾಸ್ಟಿಕ್ ತುಂಬಿದ ಚೀಲಕ್ಕೆ ಹಾಕದೆ ಅವರ ಕೈಗೇ ಕೊಡುತ್ತೇನೆ. ಆ ಚೀಲಗಳನ್ನು ಆಮೇಲೆ ಒತ್ತಿ ಕಟ್ಟುತ್ತಾರೆ.