ಬಿಸಿಯಾದರೆ ಸ್ಟಾರ್ಟ್ ಆಗದ ವ್ಯಾನ್: ನನ್ನ ಅನುಭವ

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಏಳುತ್ತಿದ್ದ ನನ್ನ ಡೀಸೆಲ್ ಗಾಡಿ, ಚೆನ್ನಾಗಿ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಹಿಡಿಯುತ್ತಲೇ ಇರಲಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಆರಲು ಬಿಟ್ಟರೆ, ಏನೂ ಆಗದವರ ಹಾಗೆ ಸ್ಟಾರ್ಟ್. ಸ್ಟಾರ್ಟ್ ಮಾಡುವಾಗ ಸಿಲಿಂಡರಿನೊಳಗೆ ಶಾಖ ಕೊಡುವ ಗ್ಲೋ ಪ್ಲಗ್ ಬದಲಿಸಿ ಎಂದವರಿದ್ದರು. ಅದು ಕೆಟ್ಟರೆ ಕಾಟ ಕೊಡುವುದು ತಣ್ಣನೆಯ ಎಂಜಿನ್ನಿಗೆ, ನನ್ನದು ಉಲ್ಟಾ. ಡೀಸೆಲ್ ಒತ್ತಿ ಕಳಿಸುವ ಹೈ ಪ್ರೆಶರ್ ಪಂಪೇ ಹೋಗಿದೆ ಎಂದರು ಇನ್ನೊಬ್ಬರು. ದುಬಾರಿ ಊಹೆ. ಮೊದಲು ಅಳೆದು ನೋಡೋಣ ಅಂದುಕೊಂಡೆ.

ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಎಂಜಿನ್ ಅದು. ಪಂಪ್ ಒತ್ತಿದ ಡೀಸೆಲ್ ‘ರೈಲ್’ ಎಂಬ ಒಂದೇ ಪೈಪಿನಲ್ಲಿ ತುಂಬಿ, ಅಲ್ಲಿಂದ ಸಿಲಿಂಡರಿಗೆ ಸಿಂಪಡಿಸುವ ನಾಲ್ಕು ಇಂಜೆಕ್ಟರುಗಳಿಗೆ ಹೋಗುತ್ತದೆ. ರೈಲಿನಲ್ಲಿ ಸುಮಾರು 200 ಬಾರ್ ಒತ್ತಡ ಏರದೆ ಇಂಜೆಕ್ಟರ್ ತೆರೆಯಲು ಎಂಜಿನ್ನಿನ ಕಂಪ್ಯೂಟರ್ ಒಪ್ಪುವುದಿಲ್ಲ. ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದೆ: ತಣ್ಣಗಿದ್ದಾಗ 260, ಬಿಸಿಯಿದ್ದಾಗ 110ರಲ್ಲೇ ಕುಂಟುತ್ತಿತ್ತು. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ, ಸವೆದ ಸಂದು ಸಿಕ್ಕರೆ ಜಾರಿಕೊಳ್ಳುತ್ತದೆ.

ಇಂಜೆಕ್ಟರುಗಳ ತಲೆಯ ಮೇಲಿನ, ಸೋರಿದ ಡೀಸೆಲ್ ಮರಳಿ ಹೋಗುವ ಸಣ್ಣ ರಿಟರ್ನ್ ಪೈಪ್ ಕಳಚಿ, ನಾಲ್ಕಕ್ಕೂ ಒಂದೊಂದು ಟ್ಯೂಬ್ ಸಿಕ್ಕಿಸಿ, ಒಂದೇ ಅಳತೆಯ ನಾಲ್ಕು ಬಾಟಲಿಗಳಿಗೆ ಇಳಿಬಿಟ್ಟೆ. ಎಂಜಿನ್ ಕೆಲವು ನಿಮಿಷ ಐಡಲ್‌ನಲ್ಲಿ ಓಡಿತು. ಮೂರು ಬಾಟಲಿಗಳ ತಳ ಮುಚ್ಚಿತ್ತಷ್ಟೇ, ಎರಡನೆಯ ಸಿಲಿಂಡರಿನದು ಮುಕ್ಕಾಲು ತುಂಬಿತ್ತು. ಒತ್ತಡ ಸೋರಿಹೋಗುತ್ತಿದ್ದದ್ದು ಆ ಇಂಜೆಕ್ಟರಿನಲ್ಲೇ. ಹಳೇ ಎಂಜಿನ್ನುಗಳ ಅಭ್ಯಾಸದಲ್ಲಿ, ಓಡುತ್ತಿರುವಾಗ ಇಂಜೆಕ್ಟರಿಗೆ ಡೀಸೆಲ್ ತರುವ ಉಕ್ಕಿನ ಪೈಪಿನ ನಟ್ ಸಡಿಲಿಸಲು ಮಾತ್ರ ಹೋಗಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಇಳಿಯುತ್ತದೆ.

ಇಂಜೆಕ್ಟರ್ ಬದಲಿಸಿ, ಅದರ ಮೇಲೆ ಅಚ್ಚಾದ ಕೋಡನ್ನು ಕಂಪ್ಯೂಟರಿಗೆ ತುಂಬಿದೆ. ಬಿಸಿಯಲ್ಲೂ ಗಾಡಿ ತಟ್ಟನೆ ಎದ್ದಿತು. ಎಡವಿದ್ದು ಒಂದು ವಾಷರಿನಲ್ಲಿ. ಬುಡಕ್ಕೆ ಬರುವ ತಾಮ್ರದ ವಾಷರ್ ನೋಡಲು ಚೆನ್ನಾಗಿದೆಯಲ್ಲ ಅಂತ ಹಳೆಯದನ್ನೇ ಕೂರಿಸಿದ್ದೆ. ಮೂರು ವಾರಕ್ಕೆ ಐಡಲ್‌ನಲ್ಲಿ ಚಸ್ ಚಸ್ ಸದ್ದು, ಕ್ಯಾಬಿನ್ ಒಳಗೆ ಹೊಗೆ ವಾಸನೆ. ಕವರ್ ತೆಗೆದರೆ ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಿಟ್ಟ, ಕಲ್ಲಿನಷ್ಟು ಗಟ್ಟಿ. ಸಿಲಿಂಡರಿನ ಬಿಸಿ ಹೊಗೆ ವಾಷರ್ ದಾಟಿ ಮೇಲೇರಿತ್ತು.

ತುಕ್ಕು ಬಿಡಿಸುವ ಎಣ್ಣೆ ಸುರಿದು ರಾತ್ರಿಯಿಡೀ ನೆನೆಸಿದೆ. ಮಾರನೆಯ ದಿನ ಅರ್ಧ ದಿನ ಎಡಕ್ಕೂ ಬಲಕ್ಕೂ ತಿರುಚಿದ ಮೇಲೆ ಇಂಜೆಕ್ಟರ್ ಮೇಲೆ ಬಂತು. ಚೂರು ಒಳಗೆ ಬೀಳದಂತೆ ತೂತಿಗೆ ಗ್ರೀಸ್ ಸವರಿದ ಬಟ್ಟೆ ತುರುಕಿ, ವಾಷರ್ ಕೂರುವ ಜಾಗವನ್ನು ಸೀಟ್ ಕಟರ್‌ನಿಂದ ಲೋಹ ಹೊಳೆಯುವವರೆಗೆ ಕೆರೆದೆ. ಈ ಸಲ ವಾಷರ್ ಹೊಸದು, ಇಂಜೆಕ್ಟರ್ ಹಿಡಿದಿಡುವ ಬೋಲ್ಟೂ ಹೊಸದು. ಆ ಬೋಲ್ಟ್ ಬಿಗಿಸುವಾಗಲೇ ತುಸು ಎಳೆದುಕೊಳ್ಳುತ್ತದೆ, ಎರಡನೇ ಸಲಕ್ಕೆ ಅದೇ ಹಿಡಿತ ಸಿಗುವುದಿಲ್ಲ.

ತಿಂಗಳ ಬಳಿಕ ಕವರ್ ಎತ್ತಿ ಇಂಜೆಕ್ಟರಿನ ಬುಡ ಸವರಿ ನೋಡಿದೆ. ಬೆರಳಿಗೆ ಮಸಿ ಅಂಟಲಿಲ್ಲ.